ವಾಗ್ದಾನದ ಡಬ್ಬಿಯಲ್ಲಿ ಬಿಲ್ದದ

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಕೂಡಲೇ ಒಂದು ತಗಡಿನ ಡಬ್ಬಿ ಸಾಲಿನಿಂದ ಸಾಲಿಗೆ ಹೋಗುತ್ತದೆ. ಅದರೊಳಗೆ ಸತ್ಯವೇದದ, ಅಂದರೆ ಬೈಬಲಿನ, ವಚನಗಳನ್ನು ಅಚ್ಚು ಹಾಕಿಸಿದ ಚೀಟಿಗಳು. ಮನೆಗೊಬ್ಬರು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಕೈಗೆ ಬಂದದ್ದೇ ಆ ವರ್ಷ ದೇವರು ಆ ಮನೆಗೆ ಕೊಟ್ಟ ವಾಗ್ದಾನ. ಫ್ರಿಜ್ಜಿನ ಬಾಗಿಲಿಗೆ, ಆಟೋ ಗಾಜಿಗೆ, ಅಂಗಡಿಯ ಗಲ್ಲಾದ ಮೇಲೆ ಅಂಟಿಸಿಕೊಳ್ಳುತ್ತೇವೆ. ಕೆಲವರು ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಚೀಟಿಗಳು ಪ್ರತಿ ವರ್ಷ ಬೆಂಗಳೂರಿನಿಂದ ಕಟ್ಟು ಕಟ್ಟಾಗಿ ಬರುತ್ತಿದ್ದವು. ಆ ಸಲ ಮಾತ್ರ ನಮ್ಮ ಸಭಾಪಾಲಕರು, ನಾವೆಲ್ಲ ಅಯ್ಯನವರು ಎನ್ನುತ್ತೇವೆ, "ಅದೇ ಚೀಟಿ ಸುತ್ತಿ ಸುತ್ತಿ ಬರ್ತಿದೆ, ಈ ವರ್ಷ ನಾವೇ ಮಾಡೋಣ" ಎಂದು ಕೆಲಸವನ್ನು ಮಹಿಳಾ ಕೂಟಕ್ಕೆ ಒಪ್ಪಿಸಿದರು. ಮಹಿಳಾ ಕೂಟದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನನಗೆ ಒಪ್ಪಿಸಿದರು.

ಕಾರಣ, ನಾನು ಆಗ ಪ್ರತಿ ತಿಂಗಳ ಎರಡನೇ ಶನಿವಾರ ನಮ್ಮೂರು ವಿಜಯಪುರದಿಂದ ಬಸ್ಸು ಹತ್ತಿ ಪಕ್ಕದ ದೇವನಹಳ್ಳಿಗೆ ಒಂದು ಪಾಠಕ್ಕೆ ಹೋಗುತ್ತಿದ್ದೆ. ಬೆಂಗಳೂರಿನ ದೇವಶಾಸ್ತ್ರದ ಕಾಲೇಜಿನಲ್ಲಿ ಕಲಿಸುವ ಮೇಡಂ ಒಬ್ಬರು ಬಂದು, ನಮ್ಮಂಥ ಮನೆಯಲ್ಲಿರುವ ಹೆಂಗಸರಿಗೆ ಹಳೆಯ ಒಡಂಬಡಿಕೆಯನ್ನು ಓದುವ ಬಗೆ ಹೇಳಿಕೊಡುತ್ತಿದ್ದರು. ಅವರಿಗೆ ಹೀಬ್ರೂ ಬರುತ್ತಿತ್ತು. ಸಾಹಿತ್ಯದ ಸಿದ್ಧಾಂತವನ್ನು ಧರ್ಮಗ್ರಂಥಕ್ಕೆ ಹಚ್ಚಿ ನೋಡುವುದು ಅವರ ವಿಷಯ. ಮೊದಲ ದಿನ "ನಿರೂಪಕನ ದನಿ, ಪಾತ್ರದ ದನಿ" ಎಂದು ಬೋರ್ಡಿನ ಮೇಲೆ ಬರೆದಾಗ ನನಗೆ ಎದ್ದು ಬರುವ ಹಾಗಾಗಿತ್ತು. ನಿರೂಪಕ ಎಂದರೆ ಟಿ.ವಿ.ಯಲ್ಲಿ ಮೈಕು ಹಿಡಿಯುವವನು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಮೇಡಂ ನಮ್ಮ ಮುಖ ನೋಡಿ ಸೀಮೆಸುಣ್ಣ ಕೆಳಗಿಟ್ಟರು.

"ಧಾರಾವಾಹಿ ನೋಡ್ತೀರಲ್ವಾ? ಹಾಲಿಗೆ ಯಾರು ಏನು ಬೆರೆಸಿದ್ರು ಅಂತ ನಿಮಗೆ ಗೊತ್ತು. ಆ ಮನೆ ಅತ್ತೆಗೆ ಗೊತ್ತಿಲ್ಲ. ಅವಳು ಸೊಸೇನ ಬೈದ್ರೆ ಆ ಬೈಗುಳ ನಿಜ ಅಂತೀರಾ?"

"ಇಲ್ಲ ಮೇಡಂ, ನಾವು ಟಿ.ವಿ.ಗೇ ಬೈತೀವಿ" ಎಂದರು ಒಬ್ಬರು.

"ಹಾಗೇ ಇದೂ. ಕಥೆ ಹೇಳೋನಿಗೆ ಗೊತ್ತಿರೋದು ಕಥೆಯೊಳಗಿನ ಜನಕ್ಕೆ ಗೊತ್ತಿರಲ್ಲ. ಆದ್ದರಿಂದ ಪ್ರತಿ ಸಾಲಿಗೂ ಮೊದಲು ಕೇಳಿ, ಇದನ್ನ ಹೇಳ್ತಿರೋರು ಯಾರು? ಆಮೇಲೆ ಕೇಳಿ, ಯಾರಿಗೆ ಹೇಳ್ತಿದ್ದಾರೆ?"

ಚೀಟಿ ಕೆಲಸಕ್ಕೆ ನಾನು ಹಿಡಿದದ್ದು ಇದೇ ದಾರಿ. ನಮ್ಮತ್ತೆ ಇದ್ದಾಗ ಸತ್ಯವೇದದ ಮೇಲೆ ಪೆನ್ನು ಮುಟ್ಟಿಸಲು ಬಿಡುತ್ತಿರಲಿಲ್ಲ. ಅವರು ಹೋದ ಮೇಲೂ ನನಗೆ ಕೈ ಬರಲಿಲ್ಲ. ಹಳೇ ಡಬ್ಬಿಯ ಚೀಟಿಗಳ ಅಧ್ಯಾಯಗಳನ್ನೆಲ್ಲ ಹುಡುಕಿ ನಡುವೆ ಕಾಗದದ ತುಂಡು ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾತ ಪುಟ ತಿರುವುತ್ತಾ, "ಏನಕ್ಕಾ, ದೇವರ ಪುಸ್ತಕಾನೇ ಕಾಪಿ ಹೊಡೀತಿದ್ದೀರಿ, ಮೇಲೆ ಹೋದಾಗ ಪರೀಕ್ಷೆ ಇದೆಯಾ?" ಎಂದ. "ನಿನಗೂ ಇದೆ ಕಣಪ್ಪಾ, ಓದ್ಕೊ" ಎಂದೆ. ಕರೆಂಟು ಹೋಗುವ ಮೊದಲೇ ಕೊನೆಯ ಪುಟ ಬಂತು, ದೇವರಿಗೆ ಸ್ತೋತ್ರ.

ಮೂರು ಬಣ್ಣದ ಪೆನ್ಸಿಲ್ಲು ಇಟ್ಟುಕೊಂಡೆ. ನಿರೂಪಕನ ಸಾಲಿಗೆ ನೀಲಿ, ದೇವರು ಆಡಿದ ಮಾತಿಗೆ ಕೆಂಪು, ಬೇರೆ ಯಾರೇ ಆಡಿದರೂ ಹಸಿರು. ವಚನ ಒಂದನ್ನೇ ಅಲ್ಲ, ಅದರ ಹಿಂದಿನದು ಮುಂದಿನದು ಓದಿ ಬಣ್ಣ ಹಚ್ಚುವುದು. ಯಜಮಾನರು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಹಾಳೆ ಹರಡಿಕೊಂಡು ಕೂರುತ್ತಿದ್ದೆ.

ಮೊದಮೊದಲು ನಗು ಬರುವಂಥವೇ ಸಿಕ್ಕವು. ಮದುವೆ ಮನೆಗಳಲ್ಲಿ ನಾವು ಓದುವ ಒಂದು ವಚನವಿದೆ, ನೀನು ಹೋದಲ್ಲಿಗೆ ನಾನೂ ಬರುತ್ತೇನೆ ಎಂಬ ಅರ್ಥದ್ದು. ಅದು ರೂತಳು ಹೇಳಿದ್ದು, ಗಂಡನಿಗಲ್ಲ, ಅತ್ತೆಗೆ. ಮಹಿಳಾ ಕೂಟದಲ್ಲಿ ಹೇಳಿದಾಗ ಸೊಸೆಯರೆಲ್ಲ "ಅಯ್ಯೋ ಸ್ವಾಮಿ!" ಎಂದು ಬಾಯಿ ಮುಚ್ಚಿಕೊಂಡು ನಕ್ಕರು. ಇನ್ನೊಂದು, ನಾವು ಒಬ್ಬರನ್ನೊಬ್ಬರು ಅಗಲಿರುವಾಗ ಯೆಹೋವನು ನಮ್ಮಿಬ್ಬರನ್ನೂ ನೋಡಿಕೊಳ್ಳಲಿ ಎಂಬುದು. ದೂರದೂರಿಗೆ ಹೋಗುವವರಿಗೆ ಆಶೀರ್ವಾದವಾಗಿ ಕೊಡುತ್ತೇವೆ. ಹಾಳೆ ತೆಗೆದು ನೋಡಿದರೆ ಅದು ಲಾಬಾನ ತನ್ನ ಅಳಿಯ ಯಾಕೋಬನಿಗೆ ಹೇಳಿದ್ದು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ. ನನ್ನ ಕಣ್ಣು ತಪ್ಪಿಸಿ ಮೋಸ ಮಾಡೀಯೆ, ದೇವರು ನೋಡುತ್ತಿರುತ್ತಾನೆ ಎಂಬ ಎಚ್ಚರಿಕೆ ಅದು!

ಪ್ರವಾದಿಗಳ ಹಾಳೆಗಳಿಗೆ ಬಂದಾಗ ಕೆಲಸ ಕೆಟ್ಟಿತು. ಯೆರೆಮೀಯನಲ್ಲಿ ದೇವರ ಮಾತು ಎಲ್ಲಿ ಮುಗಿಯಿತು, ಪ್ರವಾದಿಯ ಅಳು ಎಲ್ಲಿ ಶುರುವಾಯಿತು, ತಿಳಿಯದು. ಕೆಂಪು ಹಚ್ಚಿ, ಅಳಿಸಿ, ಹಸಿರು ಹಚ್ಚಿ, ಹಾಳೆ ತೂತು ಬಿತ್ತು. ಮೇಡಂಗೆ ಫೋನು ಮಾಡಿದೆ.

"ಮೂಲದಲ್ಲಿ ಉದ್ಧರಣ ಚಿಹ್ನೆಯೇ ಇಲ್ಲಮ್ಮ. ನಮಗೂ ತಿಳಿಯಲ್ಲ. ತಿಳಿಯದ ಕಡೆ ಬಣ್ಣ ಹಚ್ಚಬೇಡಿ, ಹಾಗೇ ಬಿಡಿ" ಎಂದರು.

ಕಲಿತವರು ತಿಳಿಯದು ಎಂದದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವತ್ತೇ ಕೂತು ಯೋಬನ ಹಾಳೆಗಳನ್ನು ತೆಗೆದುಕೊಂಡೆ.

ಯೋಬನ ಗ್ರಂಥದಿಂದ ಡಬ್ಬಿಯಲ್ಲಿದ್ದ ಚೀಟಿಗಳಲ್ಲಿ ಒಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ನಿನ್ನ ಆರಂಭ ಅಲ್ಪವಾಗಿದ್ದರೂ ಕೊನೆ ಬಹಳ ವೃದ್ಧಿಯಾಗುವುದು ಎಂಬ ಅರ್ಥದ ವಚನ. ಹೊಸ ಅಂಗಡಿ, ಹೊಸ ಮನೆ, ಹೊಸ ಗಾಡಿ, ಎಲ್ಲದರ ಮೇಲೂ ಅದೇ. ಕಣ್ಣು ಮುಚ್ಚಿ ಕೆಂಪು ಹಚ್ಚಬಹುದು ಎಂದುಕೊಂಡೇ ಪೆನ್ಸಿಲ್ಲು ಹಿಡಿದಿದ್ದೆ. ರೂಢಿಯಂತೆ ಅಧ್ಯಾಯದ ತಲೆಯಿಂದ ಓದಿಕೊಂಡು ಬಂದೆ. ಮಾತಾಡುತ್ತಿರುವವನು ದೇವರಲ್ಲ. ಬಿಲ್ದದ. ಮಕ್ಕಳೆಲ್ಲ ಸತ್ತು ಬೂದಿಯಲ್ಲಿ ಕೂತಿದ್ದ ಯೋಬನನ್ನು ಸಂತೈಸಲು ಬಂದ ಸ್ನೇಹಿತರಲ್ಲೊಬ್ಬ. ಆ ವಚನಕ್ಕಿಂತ ಸ್ವಲ್ಪ ಮೇಲಿನ ಸಾಲಿನಲ್ಲಿ ಅವನು ಆ ತಂದೆಯ ಮುಖಕ್ಕೇ ಹೇಳುತ್ತಾನೆ, ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೇ ದೇವರು ಅವರನ್ನು ಅದರ ಫಲಕ್ಕೆ ಬಿಟ್ಟುಬಿಟ್ಟ ಎಂದು. ಅದಾದ ಮೇಲೆ, ನೀನಾದರೂ ಸರಿಯಾಗಿದ್ದರೆ ನಿನ್ನ ಕೊನೆ ದೊಡ್ಡದಾಗುತ್ತದೆ ಎಂಬ ಸಮಾಧಾನ.

ಗ್ರಂಥದ ಕೊನೆಯಲ್ಲಿ ದೇವರೇ ಆ ಸ್ನೇಹಿತರ ಮೇಲೆ ಸಿಟ್ಟಾಗಿ, ನನ್ನ ವಿಷಯ ನೀವು ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಅದು ನನಗೆ ಗೊತ್ತಿತ್ತು. ಚೀಟಿಯ ವಚನವೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಎಂದೂ ಇಟ್ಟು ನೋಡಿರಲಿಲ್ಲ. ಸೊಪ್ಪು ತಳ ಹಿಡಿದ ವಾಸನೆ ಬಂದಾಗಲೇ ನಾನು ಎದ್ದದ್ದು.

ಎದ್ದು ಒಲೆ ಆರಿಸುವಾಗ ಶೆಡ್ಡಿನ ಅಕ್ಕನ ನೆನಪಾಯಿತು.

ಅವರು ನಮ್ಮ ಸಭೆಯವರೇ. ಗಂಡ ಹೆಂಡತಿ ಮನೆ ಪಕ್ಕದಲ್ಲಿ ರೇಷ್ಮೆ ಎಳೆಗಳನ್ನು ಹೊಸೆದು ಹುರಿ ಮಾಡುವ ಯಂತ್ರ ಹಾಕಿಕೊಂಡು ಚಿಕ್ಕದಾಗಿ ಶೆಡ್ಡು ಶುರು ಮಾಡಿದ್ದರು. ಹಿಂದಿನ ವರ್ಷ ಡಬ್ಬಿಯಿಂದ ಅವರ ಕೈಗೆ ಬಂದದ್ದು ಇದೇ ಚೀಟಿ. ಸಭೆಯೆಲ್ಲ "ನೋಡಿ ದೇವರ ಲೆಕ್ಕ!" ಎಂದು ಸಂತೋಷಪಟ್ಟಿತ್ತು. ಕಟ್ಟು ಹಾಕಿಸಿ ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಆ ವರ್ಷ ಮುಗಿಯುವುದರೊಳಗೆ ಅವರ ಒಬ್ಬನೇ ಮಗ, ಡಿಪ್ಲೊಮಾ ಓದುತ್ತಿದ್ದವನು, ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ಹೋದ. ಅಕ್ಕ ಅಂದಿನಿಂದ ಆರಾಧನೆಗೆ ಬರುವುದನ್ನು ಬಿಟ್ಟರು. ದೇವರು ಮಾತು ಕೊಟ್ಟು ತಪ್ಪಿದ ಎಂಬ ಕೋಪ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಹಾಳೆ ಮಡಿಸಿಕೊಂಡು ಅಯ್ಯನವರ ಹತ್ತಿರ ಹೋದೆ. ಸಭೆಯ ಕಾರ್ಯದರ್ಶಿಯೂ ಅಲ್ಲೇ ಇದ್ದರು. ಅವರದು ದಿನಸಿ ಅಂಗಡಿ.

"ಏನಮ್ಮಾ, ನನ್ನ ಅಂಗಡಿ ಮೇಲೆ ಬರೆಸಿರೋದೂ ಅದೇ. ಅದನ್ನೂ ಸುಳ್ಳು ಅಂತೀಯಾ?" ಎಂದರು ಕಾರ್ಯದರ್ಶಿ.

"ಸುಳ್ಳು ಅಂತಿಲ್ಲ ಸಾರ್. ಹೇಳಿದೋರು ಯಾರು ಅಂತ ಅಷ್ಟೇ."

"ಯಾರು ಹೇಳಿದ್ರೇನು? ಸತ್ಯವೇದದೊಳಗೆ ಇದೆಯೋ ಇಲ್ವೋ?"

"ಸೈತಾನ ಆಡಿರೋ ಮಾತೂ ಅದರೊಳಗೇ ಇದೆಯಲ್ಲ ಸಾರ್."

ಅಯ್ಯನವರು ನಕ್ಕರು. ಆಮೇಲೆ ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಒಂದು ಮಾತು ಹೇಳ್ತೀನಮ್ಮ. ಕೊನೇ ಅಧ್ಯಾಯದಲ್ಲಿ ಯೋಬನ ಕೊನೆಗಾಲ ಮೊದಲಿಗಿಂತ ಚೆನ್ನಾಗಾಯ್ತು ಅಂತ ನಿಮ್ಮ ಆ ನೀಲಿ ಬಣ್ಣದವನೇ ಹೇಳ್ತಾನೆ. ಹಾಗಾದ್ರೆ ಬಿಲ್ದದ ಅಂದಿದ್ದು ನಡೀತಲ್ಲ?"

ಅಲ್ಲಿಂದಲೇ ಮೇಡಂಗೆ ಫೋನು ಮಾಡಿ ಅಯ್ಯನವರ ಕೈಗೆ ಕೊಟ್ಟೆ. ಸ್ಪೀಕರಿನಲ್ಲಿ ಮೇಡಂ ಹೇಳಿದರು: "ನಡೀತು ಅಯ್ಯನವರೇ. ತಪ್ಪು ತಿಳಿದೋನ ಬಾಯಲ್ಲೂ ಆಗೋ ಮಾತು ಬರಬಹುದು. ಆದ್ರೆ ಅದನ್ನ ಅವನು ಯಾವುದಕ್ಕೆ ಕಟ್ಟಿ ಹೇಳಿದ, ಯಾರ ಮುಂದೆ ಹೇಳಿದ, ಅದನ್ನೂ ನೋಡ್ಬೇಕು."

ಅಯ್ಯನವರು ಫೋನು ವಾಪಸು ಕೊಟ್ಟು, "ಹೊಸ ಡಬ್ಬಿಗೆ ಆ ಚೀಟಿ ಬೇಡ. ಆದ್ರೆ ಶೆಡ್ಡಿನ ಆ ತಾಯಿ ಹತ್ರ ಹೋಗಿ ಏನೂ ಹೇಳ್ಬೇಡಿ. ಮೇಲಿನ ಸಾಲು ಕಣ್ಣಿಗೆ ಬಿದ್ರೆ ಒಡೆದುಹೋಗ್ತಾರೆ" ಎಂದರು. ಅವರು ಹೇಳಿದ್ದು ಸರಿಯೆಂದು ನನಗೂ ತೋರಿತು. ತಲೆಯಾಡಿಸಿ ಬಂದೆ.

ಆದರೆ ಮರುದಿನ ಬಣ್ಣ ಹಚ್ಚಲು ಕೂತರೆ ಕೈ ಓಡದು. ಯಾರಿಗೆ ಹೇಳಿದರು ಎಂದೂ ಕೇಳಿಕೊಳ್ಳಿ ಎಂದು ಮೇಡಂ ಹೇಳಿದ್ದರಲ್ಲ. ಬಿಲ್ದದ ಅದನ್ನು ಹೇಳಿದ್ದು ಮಕ್ಕಳನ್ನು ಕಳೆದುಕೊಂಡವನಿಗೆ. ನಮ್ಮ ಸಭೆಯಲ್ಲಿ ಆ ಮಾತಿನ ಮುಂದೆ ಕೂತಿರುವವರು ಶೆಡ್ಡಿನ ಅಕ್ಕ ಒಬ್ಬರೇ. ದೇವರು ಕೊಡದ ಮಾತನ್ನು ದೇವರು ಕೊಟ್ಟು ತಪ್ಪಿದ ಎಂದುಕೊಂಡು ಆಕೆ ಅಲ್ಲಿ, ಅದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಾನಿಲ್ಲಿ. ಪ್ರಾರ್ಥನೆ ಮಾಡಿದೆ. ಬೇಡ ಎಂದು ಒಳಗೆ ಯಾರೂ ಅನ್ನಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಶೆಡ್ಡಿನಲ್ಲಿ ಯಂತ್ರ ಓಡುತ್ತಿತ್ತು. ಅಕ್ಕನ ಯಜಮಾನರು ಆ ತುದಿಯಲ್ಲಿ ನಿಂತಿದ್ದರು. ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಅಕ್ಕ ಬಾಗಿಲ ಹತ್ತಿರ ಕೂತು ಕಡಿದ ಎಳೆ ಹುಡುಕುತ್ತಿದ್ದವರು ತಲೆ ಎತ್ತಲಿಲ್ಲ.

"ಬಾರಮ್ಮ. ಚೀಟಿ ಕೆಲಸ ನಿನ್ ತಲೆಗೇ ಕಟ್ಟವ್ರಂತೆ. ನಮ್ಮನೆಗೆ ಬೇಡ, ಹೇಳ್ಬಿಡು."

"ಹಳೇ ಚೀಟಿ ವಿಷ್ಯಾನೇ ಮಾತಾಡೋಣ ಅಂತ ಬಂದೆ ಅಕ್ಕ. ಅದು... ದೇವರು ಹೇಳಿದ್ದಲ್ಲ."

ಅವರ ಬೆರಳು ನಿಂತಿತು. "ಏನಂದೆ?"

"ಕೊನೆ ದೊಡ್ಡದಾಗುತ್ತೆ ಅಂತ ಇದೆಯಲ್ಲ, ಅದನ್ನ ಹೇಳಿದ್ದು ಬಿಲ್ದದ ಅಂತ ಒಬ್ಬ. ದೇವರು ನಿಮಗೆ ಮಾತು ಕೊಟ್ಟು ತಪ್ಪಿಲ್ಲ."

"ಅದು ಹಾಳಾಗ್ಲಿ ಬಿಡು" ಎಂದರು ಅಕ್ಕ. "ಮೇಲಿನ ಸಾಲು? ಅದನ್ನ ಯಾರು ಹೇಳಿದ್ದು?"

ಚೀಲ ಕೆಳಗಿಟ್ಟು ಅವರ ಎದುರಿಗೆ ಕೂತೆ.

"ನೀವು ಓದಿದ್ರಾ?"

"ಮಣ್ಣು ಮಾಡಿ ಬಂದ ಮಾರನೇ ದಿನ ಓದ್ದೆ. ಇಂಥಾ ಮಾತು ಕೊಟ್ಟು ಹಿಂಗ್ಯಾಕೆ ಮಾಡ್ದ ಅಂತ ಚೀಟಿ ಕೆಳಗಿದ್ದ ನಂಬರ್ ಹುಡುಕಿ ತೆಗೆದೆ. ಅಲ್ಲೇ ಬರೆದಿತ್ತಲ್ಲಮ್ಮ ಯಾಕೆ ಅಂತ! ಮಕ್ಕಳು ಪಾಪ ಮಾಡಿದ್ರು, ಅದಕ್ಕೆ. ನಮ್ಮ ಮನೆಗೆ ಅಂತಾನೇ ಬಂದ ಚೀಟಿ. ದೇವರು ಮೊದಲೇ ಹೇಳಿಟ್ಟಿದ್ದ, ನಾನೇ ಮೇಲಿನ ಸಾಲು ಓದಿರ್ಲಿಲ್ಲ ಅಂದ್ಕೊಂಡೆ."

ನಾವು ವರ್ಷವಿಡೀ ಆಕೆಯನ್ನು ದೇವರ ಮೇಲೆ ಕೋಪ ಮಾಡಿಕೊಂಡವಳು ಎಂದು ಆಡಿಕೊಂಡಿದ್ದೆವು. ಆಕೆ ದೇವರ ಮಾತನ್ನು ನಂಬಿ ಮನೆಯಲ್ಲಿ ಕೂತಿದ್ದರು.

"ಫ್ರೆಂಡ್ ಬರ್ತ್‌ಡೇ ಊಟ ಮುಗಿಸ್ಕೊಂಡು ಬರ್ತಿದ್ದ ನಮ್ಮೋನು" ಎಂದು ಅಕ್ಕ ಮುಂದುವರಿಸಿದರು. "ಕುಡಿದಿದ್ದ ಅಂದೋರೂ ಇದ್ರು. ಕುಡಿದಿದ್ನೋ ಇಲ್ವೋ, ನಾನೇನು ನೋಡಿದ್ನಾ? ಯೋಬನ ಮಕ್ಕಳೂ ಊಟದ ಮನೇಲೇ ತಾನೆ ಸತ್ತಿದ್ದು. ತಿಂತಾ ಕುಡೀತಾ ಇದ್ರು ಅಂತ ಇದೆ. ಅವರಪ್ಪನೇ ಅನುಮಾನ ಪಡ್ತಿದ್ದ, ಪಾಪ ಮಾಡವ್ರೇನೋ ಅಂತ. ಎಲ್ಲಾ ಸರಿಯಾಗಿ ಕೂತ್ಕೊಂತು."

ಯಂತ್ರದ ಸದ್ದು ನಿಂತಿತು. ಯಜಮಾನರು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು.

"ಏನೇ ಇದು? ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ನನ್ ಜೊತೆ ಊಟ ಮಾಡ್ತಿದ್ಯಾ?"

"ನಿಮಗೆ ಹೇಳಿ ನೀವೂ ಅವನನ್ನ ಪಾಪಿ ಅಂದ್ಕೊಳ್ಳೋದು ಬೇಡ ಅಂತ" ಎಂದರು ಅಕ್ಕ.

ಅವರು ಬಂದು ಹೆಂಡತಿಯ ಪಕ್ಕ ನೆಲದ ಮೇಲೆ ಕೂತರು. ನಾನು ಚೀಲದಿಂದ ಹಾಳೆಗಳನ್ನು ತೆಗೆದೆ. ಯೋಬನ ಮೊದಲ ಅಧ್ಯಾಯದಿಂದ ಶುರು ಮಾಡಿದೆ. ಅಕ್ಕ ಪ್ರತಿ ತುಂಡಿಗೂ ತಡೆದು ಕೇಳಿದರು.

"ಇದು ಯಾರು?"

"ನೀಲಿ. ಕಥೆ ಹೇಳೋನು. ಅವನಿಗೆ ಎಲ್ಲಾ ಗೊತ್ತು. ಆ ಮಕ್ಕಳು ಪಾಪ ಮಾಡಿ ಸತ್ರು ಅಂತ ಅವನು ಎಲ್ಲೂ ಹೇಳಲ್ಲ ಅಕ್ಕ."

"ಅನುಮಾನ ಪಟ್ಟಿದ್ದು?"

"ಹಸಿರು. ಅದು ಅಪ್ಪನ ಹೆದರಿಕೆ. ಮಕ್ಕಳು ಹೊರಗೆ ಹೋದ್ರೆ ನಮಗೆ ಆಗಲ್ವಾ, ಹಂಗೆ."

"ಮೇಲಿನ ಸಾಲು?"

"ಅದೂ ಹಸಿರು. ಬಿಲ್ದದ. ಏನೂ ಗೊತ್ತಿಲ್ಲದೆ ಮಾತಾಡ್ದೋನು."

ಕೊನೆಯ ಅಧ್ಯಾಯಕ್ಕೆ ಬಂದೆ. ಆ ಸ್ನೇಹಿತರ ಮೇಲೆ ಕೋಪಗೊಂಡು, ನೀವು ಸರಿಯಾಗಿ ಮಾತಾಡಲಿಲ್ಲ ಎಂದ ಸಾಲು ಓದಿದೆ.

"ಇದು ಯಾರು?"

"ಇದು ಕೆಂಪು ಅಕ್ಕ. ದೇವರು."

"ಇನ್ನೊಂದ್ಸಲ ಓದು."

ಓದಿದೆ. ಮತ್ತೊಂದು ಸಲ ಓದಿಸಿದರು. ಆಮೇಲೆ ಹಾಳೆಯನ್ನು ತಾವೇ ಈಸಿಕೊಂಡು ಯಜಮಾನರ ಕೈಗೆ ಕೊಟ್ಟು, "ನೀವು ಓದಿ" ಎಂದರು. ಅವರು ಅರ್ಧ ಓದಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು.

"ಹಂಗಾದ್ರೆ ಆ ಮಕ್ಕಳು ಸತ್ತಿದ್ಯಾಕೆ?" ಎಂದು ಅಕ್ಕ ಕೇಳಿದರು. ಇದೇ ಪ್ರಶ್ನೆಗೆ ನಾನು ಹೆದರಿದ್ದು. ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ಆದ ಮಾತು ಮೊದಲ ಅಧ್ಯಾಯದಲ್ಲಿದೆ, ಯೋಬನನ್ನು ಪರೀಕ್ಷಿಸುತ್ತೇನೆ ಎಂದು ಸೈತಾನ ಕೇಳುತ್ತಾನೆ, ದೇವರು ಬಿಡುತ್ತಾನೆ. ಅದನ್ನು ನೀಲಿ ಬಣ್ಣದವನು ನಮಗೆ ಹೇಳುತ್ತಾನೆ, ಯೋಬನಿಗೆ ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಬಣ್ಣ ಹಚ್ಚುವಾಗ ಅಲ್ಲಿ ನನ್ನ ಭಕ್ತಿಯೂ ಒಂದು ಗಳಿಗೆ ತಡವರಿಸಿತ್ತು. "ಓದಿದ್ದೀನಿ ಅಕ್ಕ. ನನಗೆ ಅರ್ಥ ಆಗಿಲ್ಲ" ಎಂದೆ. ಅಕ್ಕ ತಲೆಯಾಡಿಸಿದರು. ನಾನು ಏನಾದರೂ ಕಟ್ಟಿ ಹೇಳಿದ್ದರೆ ಎದ್ದು ಹೋಗುತ್ತಿದ್ದರೇನೋ.

ಹಾಳೆಗಳನ್ನು ಅಲ್ಲೇ ಬಿಟ್ಟು ಬಂದೆ. ಕೆಲವು ದಿನದ ಮೇಲೆ ವಾಪಸು ಕೊಡುವಾಗ ಅಕ್ಕ ಬೀದಿಯಲ್ಲೇ ನಿಲ್ಲಿಸಿ ಕೇಳಿದರು, "ಅಲ್ಲಮ್ಮ, ಹೆತ್ತೋಳು ಎಲ್ಲಿ? ಯೋಬನ ಹೆಂಡ್ತಿ ಒಂದೇ ಒಂದು ಮಾತಾಡ್ತಾಳೆ, ಬೈಸ್ಕೋತಾಳೆ. ಆಮೇಲೆ ಮತ್ತೆ ಮಕ್ಕಳಾದ್ವು ಅಂತ ಇದೆ. ಅವಳಿಗೇನಾಯ್ತು ಅಂತ ನಿನ್ ನೀಲಿ ಬಣ್ಣದೋನೂ ಹೇಳಲ್ವಲ್ಲ?"

ಮೇಡಂ ಅವರನ್ನು ಕೇಳಿದೆ. "ಅದನ್ನ ಕೇಳಿದೋರು ಬಹಳ ಜನ ಇದ್ದಾರಮ್ಮ. ಪಠ್ಯ ಉತ್ತರ ಕೊಟ್ಟಿಲ್ಲ. ಮೌನವನ್ನೂ ಗುರುತು ಹಾಕ್ಕೊಳ್ಳಿ" ಎಂದರು.

ಶೆಡ್ಡಿನಲ್ಲಿ ನಡೆದದ್ದನ್ನು ಅಯ್ಯನವರಿಗೆ ಹೇಳಿದಾಗ ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಟ್ಟರು. "ನಾನೇ ಆ ಡಬ್ಬಿ ಅವರ ಮುಂದೆ ಹಿಡಿದಿದ್ದು" ಎಂದರು. ಮಾತು ಮೀರಿ ಹೋದದ್ದಕ್ಕೆ ನನ್ನನ್ನು ಬೈಯಲಿಲ್ಲ, ಅದೂ ಒಂದು ಕೃಪೆ. ಎದ್ದವರೇ ತೀರ್ಮಾನ ಹೇಳಿದರು. ಹೊಸ ಚೀಟಿಗಳಲ್ಲಿ ವಚನದ ಕೆಳಗೆ ಅಧ್ಯಾಯದ ಜೊತೆಗೆ ಹೇಳಿದವರ ಹೆಸರೂ ಇರಬೇಕು, ತಿಳಿಯದಿದ್ದರೆ ತಿಳಿಯದು ಎಂದೇ ಇರಬೇಕು. ಪ್ರೆಸ್ಸಿನವನು ಎರಡು ಸಲ ಅಚ್ಚು ತಪ್ಪಿಸಿ ಗೊಣಗಿದ. ಹೊಸ ವರ್ಷದ ಬೆಳಗ್ಗೆ ಡಬ್ಬಿ ಬಂದಾಗ "ನನಗೆ ಮೋಶೆ!", "ನನಗೆ ಹನ್ನಳು ಕಣೇ, ನಿಂಗ್ಯಾರು?" ಎಂದು ನಮ್ಮ ಸಭೆ ಕೂಡುವ ಗುಡಿಯೆಲ್ಲ ಸಂತೆಯಾಯಿತು. ಕಾರ್ಯದರ್ಶಿ ತಮ್ಮ ಚೀಟಿಯ ಕೆಳಗೆ "ಹೇಳಿದವರು: ತಿಳಿಯದು" ಎಂದಿದ್ದದ್ದನ್ನು ನನಗೆ ತೋರಿಸಿ, "ಏನಮ್ಮಾ, ನನಗೆ ಅಂತಾನೇ ಹಾಕಿದ್ಯಾ?" ಎಂದರು. ಅವರ ಅಂಗಡಿಯ ಮೇಲಿನ ಬರಹ ಈಗಲೂ ಹಾಗೇ ಇದೆ.

ಶೆಡ್ಡಿನ ಅಕ್ಕ ಬರಲಿಲ್ಲ. ಅವರ ಯಜಮಾನರು ಬಂದಿದ್ದರು, ಚೀಟಿ ಎತ್ತದೆ ಡಬ್ಬಿಯನ್ನು ಪಕ್ಕದವರಿಗೆ ದಾಟಿಸಿದರು.

ಬೇಸಿಗೆ ಬಂದ ಮೇಲೆ ಒಂದು ಶನಿವಾರ ನಾವು ಹೆಂಗಸರು ಗುಡಿ ಗುಡಿಸಿ ಒರೆಸುತ್ತಿದ್ದಾಗ ಗಂಡ ಹೆಂಡತಿ ಇಬ್ಬರೂ ಬಂದರು. ಅಯ್ಯನವರೂ ಕಾರ್ಯದರ್ಶಿಯೂ ಮೆಟ್ಟಿಲ ಮೇಲಿದ್ದರು. ಅಕ್ಕ ಹೊಸಿಲಿನ ಹೊರಗೇ ನಿಂತು, ಮಗನ ಸಮಾಧಿಗೆ ಕಲ್ಲು ಹಾಕಿಸಬೇಕು, ಒಪ್ಪಿಗೆ ಬೇಕು ಎಂದರು.

"ಖಂಡಿತ ಹಾಕಿಸಿ ಅಮ್ಮಾ" ಎಂದರು ಅಯ್ಯನವರು. "ಯಾವ ವಚನ ಬರೆಸ್ತೀರಾ?"

"ವಚನ ಬೇಡ ಅಯ್ಯನವರೇ. ನಾನೇ ಒಂದು ಮಾತು ಹೇಳ್ತೀನಿ."

"ಹಂಗೆ ರೂಢಿ ಇಲ್ಲವಲ್ಲಮ್ಮ" ಎಂದು ಕಾರ್ಯದರ್ಶಿ ಶುರು ಮಾಡಿದರು. ಅಯ್ಯನವರು ಕೈ ಎತ್ತಿ ತಡೆದು, ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಕಲ್ಲು ಕೆತ್ತುವವನಿಗೆ ಕೊಡಲು ನಾನು ಒಂದು ಹಾಳೆಯ ಹಿಂದೆ ಬರೆದುಕೊಂಡೆ. ಮೊದಲು ಹುಡುಗನ ಹೆಸರು. ಅದರ ಕೆಳಗೆ ಅಕ್ಕ ಹೇಳಿದ ಹಾಗೆ, ಇವನು ಒಳ್ಳೆಯ ಮಗ.

"ಅಷ್ಟೇನಾ ಅಕ್ಕ?"

"ಇನ್ನೊಂದು ಸಾಲು ಹಾಕು" ಎಂದರು ಅಕ್ಕ. "ಹೇಳಿದವಳು, ಹೆತ್ತ ತಾಯಿ."